ದಂಡೆ ಕಾಣದಲ್ಲಿಗೆ

ಒದ್ದೆ ಟವೆಲ್ಲನ್ನು ಮುಂದಿನ ಸೀಟಿನವರು ಬಸ್ಸಿನ ಕಿಟಕಿಯ ಸರಳಿಗೆ ಕಟ್ಟಿದ್ದಾರೆ, ಅದು ಪಟಪಟ ಹೊಡೆದುಕೊಳ್ಳುತ್ತಿದೆ, ಒಂದೊಂದೇ ಮರಳಿನ ಕಾಳು ಹಾರಿ ಬಂದು ಕಮಲಿಯ ಕೆನ್ನೆಗೆ ತಾಗುತ್ತಿದೆ, ಮುರ್ಡೇಶ್ವರದ ಮರಳೇ, ಸಂಶಯವಿಲ್ಲ, ಅಲ್ಲೇ ಮಾವಳ್ಳಿಯಲ್ಲಿ ಹುಟ್ಟಿ ಮಾವಳ್ಳಿಗೇ ಸೊಸೆಯಾದವಳಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ — ಆ ಸೀಟಿನ ಹುಡುಗ ಹುಡುಗಿ ಇಬ್ಬರ ಮೂಗೂ ಬೇಯಿಸಿದ ಏಡಿಯ ಹಾಗೆ ಕೆಂಪಾಗಿದೆ, ಹೊಸ ಜೋಡಿ ಇರಬೇಕು, ಅವಳ ತಲೆ ಅವನ ಭುಜದ ಮೇಲೆ, ಅಬ್ಬಾ ಎಷ್ಟು ಆರಾಮಿತ್ತು ಅಲ್ವಾ, ಏನೂ ಮಾಡದೆ ಸುಮ್ಮನೆ ಮಲಗಿದ್ವಿ ಅನ್ನುತ್ತಿದ್ದಾಳೆ. ಎಲ್ಲಿಂದಲೋ ರೈಲು ಹತ್ತಿ ಬಂದು ಕಮಲಿಯ ಮನೆಯ ಹಿಂದಿನ ಮರಳಿನಲ್ಲಿ ಮಲಗಿ ಆರಾಮು ಅನ್ನುತ್ತಾರೆ, ಇವಳು ಅದೇ ಮರಳಿನಲ್ಲಿ ಇಷ್ಟು ವರ್ಷ ಬಂಗಡೆ ಒಣಗಿಸಿ ಕಾಗೆ ಓಡಿಸಿದ್ದಾಳೆ, ಅಲ್ಲಿ ಮಲಗಿಯೂ ಬಿಡಬಹುದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ತಾನೂ ಆರಾಮಿಗೆ ಹೊರಟವಳೇ ಅಂದುಕೊಂಡರೆ ನಗು ಬರುತ್ತದೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾಳೆ, ಕಂಡಕ್ಟರು ನೋಡಿದರೆ ಎಂತ ಅಂದುಕೊಂಡಾನು — ಎಲ್ಲ ದೀಪಿಕಾಳ ಕಾರುಬಾರು, ಮಗಳಿಗೆ ಕುಮಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕಿದ್ದೇ ಸಿಕ್ಕಿದ್ದು, ಲೋಕದವರನ್ನೆಲ್ಲ ಊರೂರಿಗೆ ಕಳಿಸಿ ಕಳಿಸಿ ಈಗ ಕಣ್ಣು ಅಪ್ಪ ಅಮ್ಮನ ಮೇಲೆ ಬಿದ್ದಿದೆ. ನಿಮ್ಮ ಮದ್ವೆ ಆಗಿ ಇಪ್ಪತ್ತೈದು ವರ್ಷ ಆತು, ಒಂದಿನ ಆದ್ರೂ ಇಬ್ರೇ ಎಲ್ಲಾದ್ರೂ ಹೋಗಿದ್ರಾ, ಬೋಟಿನ ಎಂಜಿನ್ ರಿಪೇರಿಗೆ ಬಿಚ್ಚಿಟ್ಟಿದ್ರು, ಅಪ್ಪಂಗೆ ಹದಿನೈದು ದಿನ ಕೆಲ್ಸ ಇಲ್ಲ, ಇಂಥ ಟೈಮು ಮತ್ತೆ ಸಿಗೂದಿಲ್ಲ, ಅಂತ ನಾಲ್ಕು ದಿನದ ಹಿಂದೆ ಬಂದು ಇಬ್ಬರ ನಡುವೆ ಕೂತು ಮೊಬೈಲು ಹಿಡಿದಳು. ಗೋವಾ, ಕೋವಳಂ, ವಿಮಾನದಲ್ಲಿ ಅಂಡಮಾನು, ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪ, ಎಲ್ಲ ಕಡೆಯೂ ನೀರು, ಮರಳು, ಬಾಗಿದ ತೆಂಗು. ಕಮಲಿಯ ಗಂಡ ಶುಕ್ರ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದ, ಈ ದಂಡೆ ಪೂರಾ ಇಳಿಜಾರು, ಬಲೆ ಎಳೆಯೂಕೆ ಆಗೂದಿಲ್ಲ ಅಂದ. ಮುಂದಿನದಕ್ಕೆ, ಇಲ್ಲಿ ಬಂಡೆ ಜಾಸ್ತಿ, ದೋಣಿ ಒಡೀತದೆ. ಕಮಲಿಯಾದರೂ ಸುಮ್ಮನಿದ್ದಳೇ, ಇಷ್ಟು ಚಂದ ಬಿಸಿಲು, ಒಬ್ರೂ ಒಂದು ಮೀನು ಒಣಗಿಸ್ಲಿಲ್ಲ, ಎಂತ ಜನ ಇವ್ರು, ಆ ತೆಂಗಿನಕಾಯಿ ತಲೆ ಮೇಲೆ ಬಿದ್ರೆ ಯಾರು ಗತಿ. ದೀಪಿಕಾ ಹಣೆ ಹೊಡೆದುಕೊಂಡಳು, ನಿಮ್ಗೆ ಅಲ್ಲಿ ಕೆಲ್ಸ ಹುಡುಕ್ತಾ ಇಲ್ಲ ಮಾರಾಯ್ರೆ, ಅಲ್ಲಿ ಹೋಗಿ ಸುಮ್ನೆ ಕೂರೂದು. ಸುಮ್ನೆ ಕೂತು ಎಂತ ಮಾಡೂದು ಅಂದ ಶುಕ್ರ. ಕೂರೂದೇ ಮಾಡೂದು ಅಂದಳು ಮಗಳು. ಆಮೇಲೆ ಸಲೀಸಾಗಿ ಕೇಳಿಬಿಟ್ಟಳು, ಹಂಗಾದ್ರೆ ಎಲ್ಲಿಗೆ ಹೋಗ್ತ್ರಿ ಹೇಳಿ. ನಿನ್ನ ಅಮ್ಮ ಹೇಳಿದಲ್ಲಿಗೆ ಅಂದ ಇವನು, ಅಪ್ಪ ಹೇಳಿದಲ್ಲಿಗೆ ಅಂದಳು ಇವಳು, ನಾಲ್ಕು ದಿನ ಇದೇ ಆಯಿತು, ಕೊನೆಗೆ ಇವತ್ತು ಬೆಳಿಗ್ಗೆ ಫೋನು, ಐದು ಗಂಟೆ ಒಳಗೆ ಹೆಸ್ರು ಕಳಿಸ್ಬೇಕು, ಆಧಾರ್ ಕಾರ್ಡ್ ಹಿಡ್ಕಂಡು ಇಲ್ಲೇ ಬನ್ನಿ, ಇಬ್ರೂ ಒಂದೇ ಬಾಯಲ್ಲಿ ಒಂದೇ ಊರು ಹೇಳ್ಬೇಕು, ಇಲ್ಲಾಂದ್ರೆ ನಾನು ಗೋವಾಕ್ಕೆ ಹಾಕಿಬಿಡ್ತೆ.

ಆ ಹುಡುಗಿಗೆ ಏನು ಗೊತ್ತು, ಎಲ್ಲಿಗೆ ಅನ್ನುವ ಮಾತು ಆ ಮನೆಯಲ್ಲಿ ಹುಟ್ಟಿಲ್ಲ, ಕಮಲಿ ಸೊಸೆಯಾಗಿ ಬಂದ ಎರಡನೆಯ ದಿನವೇ ಅತ್ತೆ ಹೊನ್ನಮ್ಮ ಒಲೆಯ ಮುಂದೆ ಕೂರಿಸಿಕೊಂಡು ಹೇಳಿದ್ದರು, ನೋಡೇ ಹೆಣ್ಣೆ, ಹೊರಟ ಗಂಡಸಿಗೆ ಎಲ್ಲಿಗೆ ಅಂತ ಕೇಳೂಕಾಗ, ಹಿಂದಿಂದ ಕರಿಯೂಕಾಗ, ಬೋಟಿಗೆ ಹೆಂಗಸ್ರು ಕಾಲು ಇಡೂಕಾಗ, ಇಷ್ಟು ನೆನಪಿಟ್ಕೋ, ಬಾಕಿ ಎಲ್ಲ ನೀ ಹೆಂಗೆ ಮಾಡಿದ್ರೂ ನಡೀತದೆ. ಅತ್ತೆ ಮಾತಿಗೆ ತಪ್ಪಿದವರಲ್ಲ, ಸಾರಿಗೆ ಉಪ್ಪು ಹೆಚ್ಚಾದರೂ ಒಂದು ದಿನ ಬೈದವರಲ್ಲ, ಆದರೆ ಆ ಮೂರು ಮಾತು ಮಾತ್ರ ಸಾಯುವವರೆಗೆ ನೆನಪು ಮಾಡಿದರು. ಕಮಲಿ ಪಾಲಿಸಿದಳು, ಹೆದರಿ ಪಾಲಿಸಿದಳು, ಆಮೇಲೆ ಅಭ್ಯಾಸವಾಗಿ ಪಾಲಿಸಿದಳು — ಬೆಳಗಿನ ಜಾವ ಬುತ್ತಿ ಕಟ್ಟಿ ಕೊಡುವುದು, ಶುಕ್ರ ತೆಗೆದುಕೊಂಡು ಅಂಗಳ ದಾಟಿ ನಡೆಯುವುದು, ಎಡ ಭುಜ ತುಸು ಇಳಿದ ಬೆನ್ನು, ಆ ಬೆನ್ನು ದಂಡೆಯವರೆಗೆ, ನೀರಿನವರೆಗೆ, ಬೋಟಿನವರೆಗೆ, ಆಮೇಲೆ ಬೋಟು ಚುಕ್ಕೆಯಾಗಿ ಅದೂ ಇಲ್ಲ. ತಿರುಗಿ ನೋಡುವ ಪದ್ಧತಿಯೂ ಇಲ್ಲ. ವಾಪಸು ಬಂದಾಗ ನೋಡಬಹುದಿತ್ತಲ್ಲ ಅಂದರೆ, ಬೋಟು ಬಂದ ಹೊತ್ತಿಗೆ ಬುಟ್ಟಿ, ಐಸು, ಕೂಗಾಟ, ಯಾವ ಬುಟ್ಟಿಗೆ ಯಾವ ಮೀನು ಅನ್ನುವುದರಲ್ಲಿ ಗಂಡನ ಮುಖ ನೋಡುವವರು ಯಾರು. ಅವನು ಎಲ್ಲಿಗೆ ಹೋಗುತ್ತಾನೆ ಅನ್ನುವುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಒಂದೇ ಒಂದು ಸಲ ತಾನಾಗಿ ಹೇಳಿದ್ದ, ಉಣ್ಣುತ್ತ ಉಣ್ಣುತ್ತ, ಅಲ್ಲಿ ದಂಡೆ ಕಾಣೂದೇ ಇಲ್ಲ ಕಣೆ, ಸುತ್ತ ತಿರುಗಿದ್ರೂ ಬರೀ ನೀರು, ಅಲ್ಲಿ ಕೂತು ಉಂಡ್ರೆ ನಿನ್ನ ಈ ಒಣಮೀನಿನ ಚಟ್ನಿಗೇ ಬೇರೆ ರುಚಿ ಬರ್ತದೆ. ಅಷ್ಟೇ, ಆಮೇಲೆ ಮಜ್ಜಿಗೆ ಕೇಳಿದ. ಕಮಲಿ ಮಜ್ಜಿಗೆ ಬಡಿಸಿದಳು, ಆದರೆ ಆ ಮಾತು ಅವಳೊಳಗೇ ಉಳಿದುಹೋಯಿತು, ತಾನು ಮಾಡಿದ ಚಟ್ನಿಗೆ ತಾನು ತಿನ್ನದ ರುಚಿ ಇದೆ ಅಂದರೆ ಯಾವ ಹೆಂಗಸಿಗೆ ತಡೆದೀತು. ಮೊಬೈಲಿನಲ್ಲಿ ಲಕ್ಷದ್ವೀಪದ ಹಡಗಿನ ಚಿತ್ರ ಬಂತಲ್ಲ, ಹಡಗಿನ ಮೇಲೆ ಎರಡು ಕುರ್ಚಿ, ಕುರ್ಚಿಯ ಆಚೆ ನೀರು, ಎಲ್ಲೂ ದಂಡೆ ಇಲ್ಲ — ಶುಕ್ರ ಸ್ನಾನಕ್ಕೆ ಹೋದಾಗ ಮಗಳಿಂದ ಮೊಬೈಲು ಇಸಿದುಕೊಂಡು ಅದನ್ನೇ ಇನ್ನೊಂದು ಸಲ ನೋಡಿದಳು, ಎಂತ ನೋಡ್ತೆ ಅಮ್ಮ ಅಂದದ್ದಕ್ಕೆ ಟೈಮು ನೋಡ್ದೆ ಅಂದಳು. ಅವಳಿಗೆ ಅಲ್ಲಿಗೆ ಹೋಗಬೇಕು. ಬೀಚು ಯಾರಿಗೆ ಬೇಕು, ಬೀಚು ಮನೆ ಹಿಂದೆ ಬಿದ್ದುಕೊಂಡಿದೆ, ಅವಳಿಗೆ ಬೇಕಾದ್ದು ಆ ಎರಡು ಕುರ್ಚಿ, ಒಂದರಲ್ಲಿ ಅವನು ಒಂದರಲ್ಲಿ ತಾನು, ಮಡಿಲಲ್ಲಿ ಬುತ್ತಿ, ದಂಡೆ ಕಾಣದ ನೀರು. ಎಷ್ಟು ಆಸೆ ಅಂದರೆ ನಾಲ್ಕು ದಿನದಿಂದ ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತಿದ್ದಾಳೆ. ಆದರೆ ಹೇಳುವುದು ಹೇಗೆ, ಹೇಳಿದರೆ ಅದು ಎಲ್ಲಿಗೆ ಅಂತ ಕೇಳಿದ ಹಾಗೆಯೇ ಆಯಿತಲ್ಲ, ಹಡಗಾದರೇನು ಬೋಟಾದರೇನು, ಹೆಂಗಸು ಕಾಲಿಟ್ಟ ಹಾಗೆಯೇ, ನಾಳೆ ಎಂಜಿನ್ ಸರಿಯಾಗಿ ಅವನು ಮತ್ತೆ ಹೊರಟ ದಿನ ಏನಾದರೂ ಹೆಚ್ಚುಕಡಿಮೆಯಾದರೆ ಕೇರಿಯವರೆಲ್ಲ ಬೇಡ, ತನ್ನ ಮನಸ್ಸೇ ತನ್ನನ್ನು ಬಿಟ್ಟೀತೇ. ಅದಕ್ಕಿಂತ ಹೆಚ್ಚಿನ ಹೆದರಿಕೆ ಬೇರೆಯೇ, ಅಲ್ಲಿಗೆ ನೀ ಎಂತಕ್ಕೆ ಅಂದುಬಿಟ್ಟರೆ, ಅದು ನಮ್ಮ ಗಂಡಸ್ರ ಜಾಗ ಅಂದುಬಿಟ್ಟರೆ.

ಕಾಸರಕೋಡು ದಾಟಿತು, ಶರಾವತಿಯ ಸೇತುವೆ ಬಂತು, ಬಸ್ಸಿಗೆ ಗಾಳಿ ನುಗ್ಗಿತು, ಹೊಸ ಜೋಡಿ ಮೊಬೈಲು ಹೊರಗೆ ಚಾಚಿ ನಕ್ಕಿತು, ಬೀಳಿಸ್ಕಂಡ್ರೆ ನದಿಗೇ ಇಳೀಬೇಕಾತದೆ ನೋಡಿ ಅಂದ ಕಂಡಕ್ಟರು. ಶುಕ್ರನಿಗೆ ಜಾಗ ಸಿಕ್ಕಿದ್ದು ಡ್ರೈವರನ ಹಿಂದಿನ ಸೀಟಿನಲ್ಲಿ, ಇವಳಿಗೆ ಅವನಿಂದ ನಾಲ್ಕು ಸೀಟು ಹಿಂದೆ, ಇಲ್ಲಿಂದಲೂ ಕಾಣುವುದು ಅದೇ ಬೆನ್ನು, ಎಡ ಭುಜ ತುಸು ಇಳಿದದ್ದು, ಅವನ ತಲೆ ನೀರಿನ ಕಡೆಗೆ ವಾಲಿದೆ, ಏನು ನೋಡುತ್ತಾನೋ, ಅವನ ಮನಸ್ಸಿನಲ್ಲೂ ಒಂದು ಊರು ಇದ್ದೀತೇ, ಅದು ಗೋವಾ ಆಗಿದ್ದರೆ. ಲಕ್ಷದ್ವೀಪ, ಅಂತ ತುಟಿಯೊಳಗೇ ಹೇಳಿ ನೋಡಿದಳು, ಲ ಬಂತು, ಕ್ಷ ಹಲ್ಲಿಗೆ ಸಿಕ್ಕಿಕೊಂಡಿತು, ಪಕ್ಕದ ಮುದುಕಿ ಎಂತ ತಂಗಿ, ವಾಂತಿ ಬತ್ತದಾ ಅಂದಳು. ಇಲ್ಲ ಅಮ್ಮ, ದೇವರ ನಾಮ ಅಂದಳು ಕಮಲಿ.

ಹೊನ್ನಾವರ ಬಸ್‌ಸ್ಟ್ಯಾಂಡು, ಐದು ನಿಮಿಷ ಅಂದ ಡ್ರೈವರು, ಶುಕ್ರ ಎದ್ದು ಇಳಿದ, ಇವಳ ಕಡೆ ನೋಡಲಿಲ್ಲ, ನೋಡುವುದು ಯಾವಾಗ ಇತ್ತು, ಜನರ ನಡುವೆ ಆ ಬೆನ್ನು ನಡೆಯಿತು, ಬಾಳೆಹಣ್ಣಿನ ಅಂಗಡಿ ದಾಟಿತು, ಮೂಲೆಯ ಕಡೆಗೆ ತಿರುಗಿತು. ಐದು ನಿಮಿಷ ಆಗಿಲ್ಲ, ಡ್ರೈವರು ಹತ್ತಿ ಕೂತ, ಕಂಡಕ್ಟರು ಸೀಟಿ ಬಾಯಿಗಿಟ್ಟ, ಇಲ್ಲ ಇಲ್ಲ, ಇವ್ರು ಬರ್ಬೇಕು, ಅಂದಳು ಕಮಲಿ, ಯಾವ ಇವ್ರು, ಬೇಗ ಕರೀರಿ ಅಕ್ಕ, ಕುಮಟೆಗೆ ಹೊತ್ತಾತು ಅಂದ ಅವನು. ಕರೀರಿ ಅಂತೆ, ಎಷ್ಟು ಸುಲಭದಲ್ಲಿ ಹೇಳಿದ. ಕಿಟಕಿಯಿಂದ ತಲೆ ಹೊರಗೆ ಹಾಕಿದಳು, ಅತ್ತೆ ಎಲ್ಲಿದ್ದರೂ ಕ್ಷಮಿಸಲಿ, ಇದು ಬೋಟಲ್ಲ, ಸಮುದ್ರವಲ್ಲ, ಬಸ್‌ಸ್ಟ್ಯಾಂಡು — ಹೋಯ್ ಅಂದಳು. ಆರು ಗಂಡಸರು ತಿರುಗಿದರು, ಅವನೊಬ್ಬ ತಿರುಗಲಿಲ್ಲ. ಹಿಂದಿನಿಂದ ಕರೆಯುವವರು ತನಗೂ ಇದ್ದಾರೆ ಅಂತ ಆ ಮನುಷ್ಯನಿಗೆ ಗೊತ್ತೇ ಇಲ್ಲ. ಬಸ್ಸು ಒಂದು ಸಲ ಗುರ್ರೆಂದಿತು. ಆಗ ಬಾಯಿಗೆ ಬಂದದ್ದು ಹೆಸರು, ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಬಾಯಿಗೆ ಬಾರದ ಹೆಸರು, ಮೀನು ಮಾರಲು ಕೂಗಿ ಕೂಗಿ ಪಳಗಿದ ಗಂಟಲಲ್ಲಿ ಬಂತು, ಶುಕ್ರಾ ಅಂತ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ.

ಅವನು ತಿರುಗಿದ. ನಿಂತಲ್ಲೇ ನಿಂತು, ಕಣ್ಣು ಕಿರಿದು ಮಾಡಿ, ಕೂಗಿದ್ದು ಯಾರು ಅಂತ ಬಸ್ಸಿನ ಕಿಟಕಿಗಳನ್ನು ಒಂದೊಂದಾಗಿ ಹುಡುಕಿ, ಇವಳನ್ನು ಕಂಡ. ಓಡಿ ಬಂದು ಕಿಟಕಿಯ ಕೆಳಗೆ ನಿಂತ, ಎಂತ ಆತು, ಎಂತ ಆತೇ. ಎಂತದೂ ಇಲ್ಲ, ಎಲ್ಲಿಗೆ ಹೊರಟದ್ದು ನೀವು, ಅಂದಳು ಕಮಲಿ, ಅದೂ ಆಗಿಹೋಯಿತು, ಕೇಳಿಯೇ ಬಿಟ್ಟಳು. ಮೂತ್ರಕ್ಕೆ ಮಾರಾಯ್ತಿ ಅಂದ ಶುಕ್ರ, ಸಣ್ಣ ದನಿಯಲ್ಲಿ, ಹೊಸ ಜೋಡಿ ಕಿಸಕ್ಕೆಂದಿತು, ಕಂಡಕ್ಟರು ಹೋಗಿ ಬನ್ನಿ ಅಣ್ಣ ಹೋಗಿ ಬನ್ನಿ ಅಂದ. ಕಮಲಿಯೂ ನಕ್ಕಳು, ನಗುವಿನ ಹಿಂದೆಯೇ ಮಾತು ಜಾರಿತು, ನಂಗೆ ಹಡಗಲ್ಲಿ ಹೋಗ್ಬೇಕು, ದಂಡೆ ಕಾಣದಲ್ಲಿಗೆ, ನೀವು ಕೂತು ಉಣ್ಣೂ ಜಾಗಕ್ಕೆ. ಶುಕ್ರ ಕಿಟಕಿಯ ಸರಳು ಹಿಡಿದ. ಇಷ್ಟು ವರ್ಷ ಆತು, ನೀ ಒಂದಿನ ಕೇಳ್ಲೇ ಇಲ್ಲ ಅಂದ, ನಿಂಗೆ ಬೇಡ ಅಂತ ಮಾಡಿದ್ದೆ. ಕೇಳೂಕಾಗ ಅಂತಿದ್ರು ಅತ್ತೆ ಅಂದಳು ಇವಳು. ಅದು ಅಬ್ಬೆ ಹೇಳಿದ್ದು, ನಾ ಹೇಳಿದ್ನಾ ಅಂದ ಅವನು.

ಬಸ್ಸು ಹೊರಟಿದೆ, ಶುಕ್ರ ಹೋಗಿ ಬಂದು ಮತ್ತೆ ಡ್ರೈವರನ ಹಿಂದೆ ಕೂತಿದ್ದಾನೆ, ಇನ್ನು ದೀಪಿಕಾಗೆ ಇಬ್ಬರೂ ಒಂದೇ ಬಾಯಲ್ಲಿ ಹೇಳಬೇಕು, ಆಧಾರ್ ಕಾರ್ಡು ಚೀಲದಲ್ಲಿ ಇದೆಯೋ ನೋಡಬೇಕು, ಹಡಗಿನಲ್ಲಿ ವಾಂತಿ ಬಂದರೆ ಮಾತ್ರೆ, ಒಣಮೀನು ಹುರಿದು ಪುಡಿ ಮಾಡಿ ಡಬ್ಬಿಗೆ ತುಂಬಬೇಕು, ಯಾವ ಸೀರೆ, ನೀಲಿಯದಾ, ನೀರಿನ ಬಣ್ಣದ್ದೇ ಯಾಕೆ, ಹಳದಿ — ಆದರೆ ಯೋಚನೆ ಮುಂದೆ ಹೋಗುತ್ತಿಲ್ಲ, ಹಳದಿ, ಹಳದಿ ಅನ್ನುತ್ತಲೇ ಉಳಿದಿದೆ, ಯಾಕೆಂದರೆ ಕಣ್ಣ ಮುಂದೆ ಬೆನ್ನಿಲ್ಲ, ಬೆನ್ನು ಇದ್ದ ಕಡೆಯೆಲ್ಲ ಆ ಮುಖ, ಅಂಗಳದಲ್ಲಿ, ದಂಡೆಯಲ್ಲಿ, ಬೋಟಿನ ಮೇಲೆ, ತಿರುಗಿ, ಕಣ್ಣು ಕಿರಿದು ಮಾಡಿ, ಇವಳನ್ನು ಹುಡುಕುತ್ತಿರುವ ಮುಖ.