ನಡುವೆ ಬಂದ ಕೈ

ಅನುಜಾ ಬೆಳಗಾವಿಯ ಕ್ಯಾಂಪ್ ಭಾಗದ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಅದೇ ಊರಿನ ಶಹಾಪುರದ ಅವಳ ತವರಿನಲ್ಲಿ ಯಾರೂ ಅವಳ ಹೆಸರು ಎತ್ತುತ್ತಿರಲಿಲ್ಲ. ಸೀರೆ ವ್ಯಾಪಾರದ ಜೈನ ಮನೆತನದ ಹುಡುಗಿ ಮೆಥಡಿಸ್ಟ್ ಚರ್ಚಿನಲ್ಲಿ ಹಾಡುವ ಪ್ರಸಾದನ ಕೈ ಹಿಡಿದಳೆಂಬುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಕಾಲ ಕಳೆದಂತೆ ಆ ಸಿಟ್ಟು ತಣ್ಣಗಾಯಿತು. ತಣ್ಣಗಾಗದೆ ಉಳಿದದ್ದು ಗಂಡ ಹೆಂಡಿರ ನಡುವಿನ ಒಂದು ವಾದ.

ಅನುಜಾ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದಳು. ಮನುಷ್ಯನ ಮೈ ಅವನದು, ಅವನ ದುಡಿಮೆ ಅವನದು, ಅವನ ನೆಲ ಅವನದು. ಸರಕಾರವೇ ಇರಲಿ, ನೆರೆಯವನೇ ಇರಲಿ, ಅದರ ಮೇಲೆ ಜುಲುಮೆ ಮಾಡಕೂಡದು ಎಂದು ಅವಳು ನಂಬಿದ್ದಳು. ಮೊದಲು ಕೈ ಎತ್ತುವುದು ತಪ್ಪು, ಎತ್ತಿದವನನ್ನು ತಡೆಯಲು ಎತ್ತಿದ ಕೈ ತಪ್ಪಲ್ಲ. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಪ್ರಸಾದ ಮೊದಲ ಮಾತಿಗೆ ಹೂಂ ಅನ್ನುತ್ತಿದ್ದ. ಎರಡನೆಯದಕ್ಕೆ ಅವನ ಮನಸ್ಸು ಒಪ್ಪುತ್ತಿರಲಿಲ್ಲ.

"ಯೇಸೂನ ಹಿಡ್ಯಾಕ ಬಂದಾಗ ಜೋಡಿ ಇದ್ದಾಂವ ಒಬ್ಬ ಕತ್ತಿ ಎಳದ," ಅನ್ನುತ್ತಿದ್ದ. "ಒಳಗ ಇಡು ಅಂದ ಯೇಸು. ತಡೀಬೇಕಾದ ಅನ್ಯಾಯ ಅದಕ್ಕಿಂತ ದೊಡ್ಡದು ಯಾವದಿತ್ತು?"

"ಅಂವ ಕೊಟ್ಟಿದ್ದು ತನ್ನ ಜೀವಾ. ಅದು ಅವಂದ, ಕೊಡಬಹುದು," ಅನ್ನುತ್ತಿದ್ದಳು ಅನುಜಾ. "ನಿನ್ನ ಕೆನ್ನಿಗೆ ಬಿದ್ದದ್ದು ನೀ ಮಾಫ ಮಾಡು. ನನ್ನ ಕೆನ್ನಿಗೆ ಬಿದ್ದದ್ದನ್ನ ನೀ ಹೆಂಗ ಮಾಫ ಮಾಡ್ತಿ?"

ಈ ಮಾತು ಬಂದಾಗಲೆಲ್ಲ ಪ್ರಸಾದ ಎದ್ದು ಹೋಗಿ ಇಬ್ಬರಿಗೂ ಚಹಾ ಮಾಡಿ ತರುತ್ತಿದ್ದ.

ಅವನ ತಾಯಿ ತೀರಿಕೊಂಡ ಮೇಲೆ ಖಾನಾಪುರದ ಆಚೆ ಅವಳ ಪಾಲಿನ ಗೋಡಂಬಿ ತೋಟ ಅವರಿಗೆ ಬಂತು. ರವಿವಾರ ಚರ್ಚು ಮುಗಿದ ಮೇಲೆ ಇಬ್ಬರೂ ಬೈಕಿನ ಮೇಲೆ ಅಲ್ಲಿಗೆ ಹೋಗುವುದು ರೂಢಿಯಾಯಿತು. ಬಾಜೂ ಹೊಲ ಉಳವಪ್ಪನದು. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಅವನ ಹೆಂಡತಿ ಗೌರವ್ವ ಕಾಲೇಜಿನಲ್ಲಿ ಕಲಿಸುವವಳೆಂದು ಅನುಜಾಳನ್ನು ಮರ್ಯಾದೆಯಿಂದ "ಬಾಯಾರ" ಎಂದು ಕರೆಯುತ್ತಿದ್ದಳು. ಬಿಸಿಲು ಹೆಚ್ಚಾದ ದಿನ ಮಜ್ಜಿಗೆ ತಂದು ಕೊಡುತ್ತಿದ್ದಳು.

ಈ ಬೇಸಿಗೆಯಲ್ಲಿ, ಹಣ್ಣು ಉದುರಲು ಶುರುವಾದ ಹೊತ್ತಿಗೆ, ಒಂದು ರವಿವಾರ ಅವರು ಹೋಗಿ ನೋಡಿದರೆ ತೋಟದೊಳಗೆ ಹೊಸ ಬೇಲಿ ಎದ್ದಿತ್ತು. ಅಂಚಿನ ಗೋಡಂಬಿ ಗಿಡಗಳು ಕೆಲವು ಆಚೆ ಸೇರಿಬಿಟ್ಟಿದ್ದವು. ಉಳವಪ್ಪ ಇನ್ನೂ ಗೂಟ ಹುಗಿಯುತ್ತಿದ್ದ.

"ಕಾಕಾ, ಇದು ನಮ್ಮ ಹದ್ದು ದಾಟಿ ಬಂದೈತಲ್ರಿ," ಎಂದಳು ಅನುಜಾ.

"ನಮ್ಮಪ್ಪ ತೋರಿಸಿದ ಹದ್ದು ಇದ," ಎಂದ ಉಳವಪ್ಪ, ತಲೆ ಎತ್ತದೆ. "ನಿಮ್ಮತ್ತಿ ಒಬ್ಬಾಕಿ ಹೆಣ್ಮಗಳು ಅಂತ ಇಷ್ಟ ದಿನಾ ಸುಮ್ಮನಿದ್ದೆ."

"ಸರ್ವೇದವರನ್ನ ಕರಸೂಣು, ಕಾಕಾ. ಅಲ್ಲೀತನಕ ತಂತಿ ಬ್ಯಾಡ," ಎಂದು ಪ್ರಸಾದ ಮೆತ್ತಗೆ ತಂತಿಯ ಮೇಲೆ ಕೈ ಇಟ್ಟ.

ಅಷ್ಟಕ್ಕೇ ಉಳವಪ್ಪನ ಸಿಟ್ಟು ನೆತ್ತಿಗೇರಿತು. ಪ್ರಸಾದನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ನೂಕಿದ. ಪ್ರಸಾದ ಅಂಗಾತ ಬಿದ್ದ, ಕಲ್ಲು ತಾಗಿ ಹುಬ್ಬಿನ ಮೇಲಿಂದ ರಕ್ತ ಇಳಿಯಿತು. ಉಳವಪ್ಪ ಅವನ ಮೇಲೆ ಬಗ್ಗಿದ. ಅನುಜಾಳಿಗೆ ಕಂಡದ್ದು ಆ ಬಗ್ಗಿದ ಬೆನ್ನು, ಮುಂದೆ ಚಾಚಿದ ಆ ಕೈ, ಇಷ್ಟೇ. ಬೇಲಿಗೆಂದು ಕಡಿದು ಹಾಕಿದ್ದ ಗೂಟವೊಂದು ಕಾಲಬಳಿಯಿತ್ತು. ಎರಡೂ ಕೈಯಲ್ಲಿ ಎತ್ತಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದಳು.

ಪ್ರಸಾದ ನೆಲದಿಂದಲೇ ಅದನ್ನು ನೋಡಿದ. ಮೊಣಕಾಲೂರಿ ಎದ್ದು ಉಳವಪ್ಪನ ತಲೆಗೆ ತನ್ನ ಕೈ ಅಡ್ಡ ಹಿಡಿದ. ಹಸಿ ಕಟ್ಟಿಗೆ ಮುರಿದಂಥ ಸಪ್ಪಳವಾಯಿತು. ಮುರಿದದ್ದು ಕಟ್ಟಿಗೆಯಲ್ಲ.

ಗೂಟ ಅನುಜಾಳ ಕೈಯಿಂದ ಜಾರಿತು. ಉಳವಪ್ಪ ಪ್ರಸಾದನ ಜೋತುಬಿದ್ದ ಕೈಯನ್ನೂ ಅದು ತನ್ನ ತಲೆಗೆ ಅಡ್ಡ ಬಂದಿದ್ದ ಜಾಗವನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು, ಪ್ರಸಾದನ ಕೈಯನ್ನು ಅವನ ಎದೆಗೆ ಒತ್ತಿ ಕಟ್ಟಿ, ತನ್ನ ಟೆಂಪೋದಲ್ಲಿ ಅವರಿಬ್ಬರನ್ನೂ ಕೂರಿಸಿಕೊಂಡು ಬೆಳಗಾವಿಯ ದಾರಿ ಹಿಡಿದ.

ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಪ್ರಸಾದ, "ನನ್ನ ಹೆಂಡತಿ ಹೊಡದಳ್ರಿ. ಆದರ ನನಗಲ್ಲ," ಎಂದ. ನಗಿಸಬೇಕೆಂದು ಹೇಳಿದ್ದು. ಅನುಜಾ ನಗಲಿಲ್ಲ.

ಮನೆಗೆ ಬಂದ ಮೇಲೆ ಅವಳು ರಜೆ ಹಾಕಿದಳು. ಅವನ ತಲೆ ಬಾಚಿದಳು, ಅಂಗಿಯ ಗುಂಡಿ ಹಾಕಿದಳು, ಜೋಳದ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣಿಸಿದಳು.

"ಅನು, ಇಷ್ಟ ಮಾಡಬ್ಯಾಡ," ಎಂದ ಅವನು ಒಂದು ಮುಂಜಾನೆ.

"ಹೊಡದಾಕಿ ನಾ. ತಪ್ಪಿಲ್ಲದಾಂವಗ ಹೊಡದವರು ತುಂಬಿಕೊಡಬೇಕು. ನಾನ ದಿನಾ ಕ್ಲಾಸಿನ್ಯಾಗ ಹೇಳೂದು ಅದನ್ನ." ತುತ್ತು ಹಿಡಿದ ಅವಳ ಕೈ ಅಲ್ಲೇ ನಿಂತಿತು. "ನಿನ್ನ ಉಳಸಾಕ ನಾ ಗೂಟ ಎತ್ತಿದ್ದು, ಪ್ರಸಾದ. ನೀ ಅದನ್ನ ನಿನ್ನ ಮ್ಯಾಲ ಹಾಕ್ಕೊಂಡಿ. ನಿನ್ನ ಎಲುಬು ಮುರದಾಕಿ ಅಂತ ನಾ ಹೆಂಗ ಇರ್ಲಿ? ನೀ ನಡುವ ಬರೂಮುಂದ ನನ್ನ ಕೇಳಿದ್ಯಾ?"

ಈ ಸಲ ಎದ್ದು ಚಹಾ ಮಾಡಲು ಪ್ರಸಾದನಿಗೆ ಕೈಯಿರಲಿಲ್ಲ.

"ಇಲ್ಲ," ಎಂದ. "ಶಾಂತಿ ಪುಕ್ಕಟ ಸಿಗತೈತಿ ಅಂತ ತಿಳದಿದ್ದೆ. ಅದರ ಭಾರ ನಿನ್ನ ಮ್ಯಾಲ ಬೀಳತೈತಿ ಅನ್ನೂದು ನನಗ ಹೊಳೀಲೇ ಇಲ್ಲ. ನೀ ಅಂಜಿದ್ದು, ನೀ ಒಬ್ಬಾಕಿ ನಿಂತಿದ್ದು ನನಗ ಕಾಣಲಿಲ್ಲ." ಪ್ಲಾಸ್ಟರಿನ ಕೈ ನೋಡಿಕೊಂಡು ಹೇಳಿದ, "ಆದರ ಅವನ ತಲಿ ಒಡದಿದ್ರ ನೀ ಈಗ ಎಲ್ಲಿರ್ತಿದ್ದಿ, ಅನು? ನಾ ಕೈ ಅಡ್ಡ ಹಿಡದದ್ದು ಅವನ ಸಲುವಾಗಿ ಅಷ್ಟ ಅಲ್ಲ."

ಅನುಜಾ ತಾಟು ಕೆಳಗಿಟ್ಟಳು. ಆಸ್ಪತ್ರೆಯಿಂದ ಬಂದಾಗಿನಿಂದ ತಡೆದುಕೊಂಡಿದ್ದ ಅಳು ಆಗ ಬಂತು. ಪ್ರಸಾದ ಇನ್ನೊಂದು ಕೈಯನ್ನು ಅವಳ ತಲೆಯ ಮೇಲೆ ಇಟ್ಟು, ಅದು ಮುಗಿಯುವ ತನಕ ಕೂತಿದ್ದ.

ಹಣ್ಣು ಉದುರುವುದು ಯಾರಿಗೂ ಕಾಯುವುದಿಲ್ಲವಲ್ಲ. ಮುಂದಿನ ರವಿವಾರ ಅನುಜಾ ಒಬ್ಬಳೇ ಬಸ್ಸು ಹತ್ತಿ ಖಾನಾಪುರಕ್ಕೆ ಹೋದಳು. ಉಳವಪ್ಪ ತಂತಿಯನ್ನು ಗೂಟಗಳಿಂದ ಬಿಚ್ಚಿ ಸುತ್ತಿಟ್ಟಿದ್ದ. ಗೂಟಗಳು ಮಾತ್ರ ಹಾಗೇ ನಿಂತಿದ್ದವು. ಗೌರವ್ವ ಹೇಳದೆ ಕೇಳದೆ ಬುಟ್ಟಿ ತಂದು ಅವಳ ಜೊತೆ ಹಣ್ಣು ಆರಿಸಲು ಕೂತಳು.

ಮಧ್ಯಾಹ್ನ ಉಳವಪ್ಪ ಬಂದು ಸ್ವಲ್ಪ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಹದ್ದು ನಂದ, ಅದರಾಗ ಎರಡ ಮಾತಿಲ್ಲ," ಎಂದ. "ಸರ್ವೇದವರು ಬಂದು ಅಲ್ಲ ಅಂದ್ರ ಗೂಟಾನೂ ಕೀಳ್ತೀನಿ. ಆದರ ಮೊದಲ ಕೈ ಹಾಕಿದಾಂವ ನಾ. ಅದು ತಪ್ಪಾತು."

ಅನುಜಾ ಹಣ್ಣಿನಿಂದ ಬೀಜ ತಿರುವಿ ತೆಗೆಯುತ್ತ ಕೇಳಿದಳು, "ಕಾಕಾ, ಅವತ್ತ ನೀವು ಅವನ ಮ್ಯಾಲ ಬಗ್ಗಿದ್ರಲ್ಲ. ಮತ್ತ ಹೊಡ್ಯಾಕೇನು?"

ಉಳವಪ್ಪ ತನ್ನ ಅಂಗೈ ನೋಡಿಕೊಂಡ. "ದಿನಾ ಅದನ್ನ ಕೇಳ್ಕೋತೀನಿ, ತಂಗಿ. ಎಬ್ಬಸಾಕ ಬಗ್ಗಿದ್ನೋ, ಹೊಡ್ಯಾಕ ಬಗ್ಗಿದ್ನೋ, ಖರೇ ಹೇಳಬೇಕಂದ್ರ ನನಗೂ ಗೊತ್ತಿಲ್ಲ."

ಅವನಿಗೇ ಗೊತ್ತಿರದ್ದನ್ನು ತಾನು ಗೊತ್ತೆಂದುಕೊಂಡು ಗೂಟ ಎತ್ತಿದ್ದೆ ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತು. ಕ್ಷಮೆ ಕೇಳಬೇಕೆನಿಸಿತು, ಕೇಳಲಾಗಲಿಲ್ಲ. "ಬಿಸಿಲಾಗ ಕುಂತೀರಿ, ಈ ಕಡೆ ನೆರಳಿಗೆ ಬರ್ರಿ," ಎಂದಳು. ಉಳವಪ್ಪ ಬಂದ.

ಮಳೆ ಹಿಡಿಯುವ ಮುನ್ನ ಪ್ಲಾಸ್ಟರ್ ತೆಗೆದರು. ಒಳಗಿನಿಂದ ಹೊರಬಂದ ಕೈ ಸಣ್ಣಗೆ, ಬಿಳಚಿಕೊಂಡು, ಬೇರೆ ಯಾರದೋ ಅನ್ನುವ ಹಾಗಿತ್ತು. ಅನುಜಾ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತು ಮೊಣಕೈಯಿಂದ ಮಣಿಕಟ್ಟಿನವರೆಗೆ ತಿಕ್ಕತೊಡಗಿದಳು.

"ಮತ್ತ ಹಂಗ ಆದ್ರ ಎತ್ತತೀಯೇನು?" ಎಂದು ಕೇಳಿದ ಅವನು.

"ಎತ್ತತೀನೇನೋ. ಮೊದಲ ಒಮ್ಮೆ ಬಾಯಿಲೆ ಒದರ್ತೀನಿ. ನೀ?"

"ನಾನೂ ನಡುವ ಬರ್ತೀನೇನೋ. ಮೊದಲ ನಿನ್ನ ಕರೀತೀನಿ."

ಎಲುಬು ಕೂಡಿದ ಜಾಗದಲ್ಲಿ ಸಣ್ಣದೊಂದು ಗಂಟು ಉಳಿದಿತ್ತು. ಅಲ್ಲಿ ಬೆರಳು ತಾಗಿದಾಗ ಅವನು ಉಸಿರು ಬಿಗಿಹಿಡಿದ. ಅನುಜಾ ಕೈ ಹಗುರ ಮಾಡಿ, ಆ ಜಾಗವನ್ನು ಸುತ್ತಿ ಸುತ್ತಿ ನಿಧಾನಕ್ಕೆ ಎಣ್ಣೆ ಹಚ್ಚಿದಳು.