ಮೊಣಕಾಲ ಕೆಳಗಿನ ಕಾಫಿ

ಪಾಷ್ಕ್ ಎಡಗಾಲನ್ನು ಕುರ್ಚಿಯ ಮೇಲೆತ್ತಿಟ್ಟು, ಆ ಮೊಣಕಾಲ ಕೆಳಗಿನಿಂದ ಕಾಫಿ ಬಟ್ಟಲನ್ನು ತುಷ್‌ನತ್ತ ಚಾಚಿದ. ಕೋಣೆ ತುಂಬಿದ್ದ ಗಂಡಸರು ತಮ್ಮ ಬಟ್ಟಲುಗಳನ್ನು ಕೆಳಗಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಿಲಾ ಎಲ್ಲವನ್ನೂ ನೋಡುತ್ತಿದ್ದಳು.

ಅವಳ ಗಂಡ ಲಾಝರ್‌ನನ್ನು ಮಣ್ಣು ಮಾಡಿ ಬಂದು ಇನ್ನೂ ಗಂಟೆಯಾಗಿರಲಿಲ್ಲ. ಶ್ಕೋದ್ರಾ ಪಟ್ಟಣದಲ್ಲಿ ಸಾವಿನ ಮನೆಯ ಕಾಫಿಗೆ ಸಕ್ಕರೆ ಹಾಕುವುದಿಲ್ಲ. ಬಂದವರು ಆ ಕಹಿ ಕುಡಿದು, ಉಳಿದವರು ಚೆನ್ನಾಗಿರಲಿ ಎಂದು ಹೇಳಿ ಎದ್ದು ಹೋಗುತ್ತಾರೆ. ಮೊಣಕಾಲ ಕೆಳಗಿನಿಂದ ಬಂದ ಕಾಫಿಯ ಮಾತೇ ಬೇರೆ. ಬೆಟ್ಟದ ಹಳಬರು ಮಾನಗೆಟ್ಟವನಿಗೆ ಹಾಗೆ ಕೊಡುತ್ತಿದ್ದರು. ಲಾಝರ್‌ನ ತಮ್ಮನ ಮಗ ಪಾಷ್ಕ್ ಅದನ್ನು ಕಣ್ಣಾರೆ ಕಂಡವನೇನಲ್ಲ, ಅಜ್ಜನ ಬಾಯಲ್ಲಿ ಕೇಳಿದ್ದನಷ್ಟೆ. ಬಿಸಿರಕ್ತಕ್ಕೆ ಅಷ್ಟೇ ಸಾಕಾಗಿತ್ತು.

“ಕುಡೀರಿ ತುಷ್ ಮಾಮ,” ಎಂದ. “ನಮ್ಮ ದೊಡ್ಡಪ್ಪ ಗಣೀಲಿ ಹನ್ನೊಂದು ವರ್ಷ ಇದಕ್ಕಿಂತ ಕಹಿ ಕುಡ್ದಿದ್ದಾರೆ.”

ಎಂಬತ್ತರ ತುಷ್ ಬಟ್ಟಲನ್ನು ನೋಡಿದ. ಬಾಗಿಲಲ್ಲಿದ್ದ ದಿಲಾಳನ್ನು ನೋಡಿದ. ಆಮೇಲೆ ಎರಡೂ ಕೈ ಚಾಚಿ ತೆಗೆದುಕೊಂಡ.

* * *

ಐವತ್ತು ವರ್ಷಕ್ಕೂ ಹಿಂದಿನ ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದವರು ಮೂವರೇ: ಲಾಝರ್, ದಿಲಾ, ಗೆಳೆಯ ತುಷ್. ತೊಟ್ಟಿಲಲ್ಲಿ ಆರು ತಿಂಗಳ ಮಗಳು ಮ್ರೀಕಾ. “ರೊಟ್ಟಿಗೆ ಸಾಲು, ಸೀಮೆಎಣ್ಣೆಗೆ ಸಾಲು, ಪಕ್ಷದ ಸಭೇಲಿ ಚಪ್ಪಾಳೆಗೆ ಮಾತ್ರ ಸಾಲಿಲ್ಲ ನೋಡು, ಎಷ್ಟು ಬೇಕಾದ್ರೂ ಹೊಡೀಬಹುದು,” ಎಂದಿದ್ದ ಲಾಝರ್. ಮೂವರೂ ನಕ್ಕಿದ್ದರು.

ಪೊಲೀಸರು ಅವನನ್ನು ಹಿಡಿದದ್ದು ಬೇರೇನೋ ನೆಪದ ಮೇಲೆ. ಮೂರನೆಯ ದಿನ ದಿಲಾಳನ್ನೂ ಕರೆಸಿದರು. ಕಂಕುಳಲ್ಲಿ ಮಗು ಜ್ವರದಿಂದ ಕೆಂಡವಾಗಿತ್ತು. ಅಧಿಕಾರಿ ಗದರಲಿಲ್ಲ. ಗಂಡ ಮನೆಯಲ್ಲಿ ಏನೇನು ಮಾತಾಡುತ್ತಾನೆ ಹೇಳಿ ಸಹಿ ಹಾಕು, ಇಲ್ಲವಾದರೆ ನೀನೂ ಮಗುವೂ ಜೌಗಿನ ಶಿಬಿರಕ್ಕೆ, ಅಲ್ಲಿ ಔಷಧಿ ಇರುವುದಿಲ್ಲ ಎಂದ. ಚಪ್ಪಾಳೆಯ ಮಾತು ಅವಳ ಬಾಯಿಂದ ಬಿತ್ತು. ಸಹಿಯೂ ಬಿತ್ತು.

ಆ ಒಂದು ತಮಾಷೆಗೆ ಹನ್ನೊಂದು ವರ್ಷ ತಾಮ್ರದ ಗಣಿ. ಅವನು ಬದುಕಿ ಬಂದ, ಹಲ್ಲುಗಳು ಬರಲಿಲ್ಲ. ಸರ್ಕಾರ ಉರುಳಿ ಎಷ್ಟೋ ವರ್ಷದ ಮೇಲೆ ಕಡತಗಳನ್ನು ತೆರೆದಾಗ ರಾಜಧಾನಿಗೆ ಹೋಗಿ ತನ್ನದನ್ನು ಓದಿ ಬಂದ. ಅವಳು ಕಾಫಿ ಮಾಡಿ ಮುಂದಿಟ್ಟಳು. ಅವನು ಅದನ್ನು ತೊಟ್ಟಿಗೆ ಸುರಿದು, ಬಟ್ಟಲು ತೊಳೆದು, ತನ್ನ ಕಾಫಿ ತಾನೇ ಮಾಡಿಕೊಂಡ. ಅಂದಿನಿಂದ ಸಾಯುವವರೆಗೆ ಅವಳ ಕೈಯ ಕಾಫಿ ಮುಟ್ಟಲಿಲ್ಲ ಮಹಾರಾಯ.

ಶಾಲೆಗಳಿಗೆ ಕರೆದಾಗ ಹೋಗಿ ಎಲ್ಲ ಹೇಳುತ್ತಿದ್ದ: ಗಣಿಯ ನೀರು, ಸರಪಳಿ, ಸತ್ತವರ ಹೆಸರು. ನಿಮ್ಮನ್ನು ಹಿಡಿದುಕೊಟ್ಟದ್ದು ಯಾರು ಎಂದು ಮಕ್ಕಳು ಕೇಳಿದರೆ, “ಊಟಕ್ಕೆ ಕೂತಿದ್ದೋರು,” ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದ. ಊರು ಲೆಕ್ಕ ಹಾಕಿ ತುಷ್‌ನ ಹೆಸರು ಇಟ್ಟುಕೊಂಡಿತು. ಲಾಝರ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೆಂಡತಿಯನ್ನು ಉಳಿಸಿದನೋ, ಸುಟ್ಟನೋ, ಅವನಿಗೇ ಗೊತ್ತು.

* * *

ತುಷ್ ಗುಟುಕು ಗುಟುಕಾಗಿ ಕುಡಿದ. ನಾನಲ್ಲ ಎಂದರೆ ಆ ಊಟದ ಮೇಜಿನಲ್ಲಿ ಉಳಿಯುವವಳು ಒಬ್ಬಳೇ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಟ್ಟಲು ಬರಿದಾದ ಮೇಲೆ, “ಉಳಿದೋರು ಚೆನ್ನಾಗಿರ್ಲಿ,” ಎಂದ.

ದಿಲಾ ಗಂಡಸರ ಕೋಣೆಯೊಳಗೆ ನಡೆದಳು. ಅವನ ಕೈಯಿಂದ ಬಟ್ಟಲನ್ನು ಕಿತ್ತು, ಕಾಫಿ ಪಾತ್ರೆಯಲ್ಲಿದ್ದುದನ್ನು ಬಗ್ಗಿಸಿಕೊಂಡಳು. ಗೋಡೆ ಹಿಡಿದು, ಕರಿ ಲಂಗದೊಳಗಿನ ಕಾಲನ್ನು ಕಷ್ಟಪಟ್ಟು ಎತ್ತಿ, ತನ್ನ ಮೊಣಕಾಲ ಕೆಳಗಿನಿಂದ ತಾನೇ ಬಟ್ಟಲನ್ನು ದಾಟಿಸಿಕೊಂಡು ಕುಡಿದಳು. ಅರ್ಧ ಲಂಗದ ಮೇಲೆ ಚೆಲ್ಲಿತು.

“ಸಹಿ ಹಾಕಿದ್ದು ನಾನು,” ಎಂದಳು.

ಯಾರೋ ಅಯ್ಯೋ ಪಾಪ ಎಂದರು. ಪಾಷ್ಕ್ ಓಡಿ ಬಂದು ತೋಳು ಹಿಡಿದ. “ದೊಡ್ಡಮ್ಮ, ಎರಡು ದಿನದಿಂದ ಕಣ್ಣು ಮುಚ್ಚಿಲ್ಲ ನೀವು. ಕೂತ್ಕೊಳ್ಳಿ.”

“ನಾನು ಕಣೋ. ನಾನೇ.”

“ಆಯ್ತು ದೊಡ್ಡಮ್ಮ, ನೀವೇ. ಕೂತ್ಕೊಳ್ಳಿ.”

ತುಷ್ ಟೋಪಿ ಹುಡುಕಿಕೊಂಡು ಹೊರಟುಹೋದ. ಅವನಿಗೆ ಯಾರೂ ದಾರಿ ಬಿಡಲಿಲ್ಲ, ಗೋಡೆಗೆ ಒರಸಿಕೊಂಡೇ ಹೋದ.

ದಿಲಾಳನ್ನು ಅವನ ಕುರ್ಚಿಯಲ್ಲೇ ಕೂರಿಸಿದರು. ಐವತ್ತು ದಾಟಿದ ಮಗಳು ಮ್ರೀಕಾ, ಎತ್ತಿಟ್ಟಿದ್ದ ಸಕ್ಕರೆ ಡಬ್ಬಿ ಹುಡುಕಿ, ಲೋಟದ ನೀರಿಗೆ ಮೂರು ಚಮಚ ಕದಡಿ ತಂದಳು. ತಾಯಿಯ ಗದ್ದ ಹಿಡಿದು, ಕೂಸಿಗೆ ಕುಡಿಸುವ ಹಾಗೆ, ಒಂದೊಂದೇ ಚಮಚ ಸಿಹಿನೀರನ್ನು ಅವಳ ಬಾಯಿಗೆ ಬಿಡತೊಡಗಿದಳು.