ಗೋಡೆಯಾಚೆಯ ಮಾತು

ದೇವರ ಒಳಕೋಣೆಗೂ ಪೂಜಾರಿಯ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಜನ ತಮ್ಮ ಕಷ್ಟವನ್ನು ಪೂಜಾರಿಯ ಕಿವಿಯಲ್ಲಿ ಹೇಳಬೇಕು. ಪೂಜಾರಿಯೊಬ್ಬರೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಅದನ್ನೇ ದೇವರಿಗೆ ಬಾಯಿಬಿಟ್ಟು ಹೇಳಿ ಬರಬೇಕು. ಬೇರೆ ಯಾರೂ ಹೊಸಿಲು ದಾಟುವಂತಿರಲಿಲ್ಲ.

ಒಲೆಯ ಪಕ್ಕ ಕೂತ ಮಗಳಿಗೆ ಎಲ್ಲವೂ ಕೇಳಿಸುತ್ತಿತ್ತು. ಅಪ್ಪ ಒಂದಕ್ಷರ ನುಂಗಿದವರಲ್ಲ. "ಈ ಪೂಜಾರಿಯ ಕೊಬ್ಬು ಇಳಿಸು" ಎಂದು ದರ್ಜಿ ಬೇಡಿಕೊಂಡದ್ದನ್ನೂ ಚಾಚೂ ತಪ್ಪದೆ ಒಪ್ಪಿಸಿದ್ದರು. ಅಂದು ತಾಯಿ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು.

ಆ ನಂಬಿಕೆಯ ಮೇಲೆಯೇ ಅವಳು ಇವತ್ತು ಸಾಲಿನಲ್ಲಿ ನಿಂತಿದ್ದಳು. ಅಪ್ಪ ಗೊತ್ತುಮಾಡಿದ ಗಂಡು ಅವಳಿಗೆ ಬೇಡವಾಗಿತ್ತು. ಮನೆಯಲ್ಲಿ ಬಾಯಿ ತೆರೆದರೆ ಸಾಕು, "ಮಾತು ಕೊಟ್ಟಾಗಿದೆ" ಎಂದು ಎದ್ದುಹೋಗುತ್ತಿದ್ದರು. ಇಲ್ಲಿ ಹಾಗೆ ಎದ್ದುಹೋಗುವಂತಿಲ್ಲ.

ಹಿಂದೆ ನಿಂತಿದ್ದ ದರ್ಜಿ ಕಿಚಾಯಿಸಿದ. "ಏನಮ್ಮ, ಮನೇಲೇ ದೇವರ ಪೋಸ್ಟಾಫೀಸು ಇಟ್ಕೊಂಡು ಸಾಲಲ್ಲಿ ನಿಂತಿದೀಯ?"

"ಮನೇಲಿ ನನ್ನ ಕಾಗದ ತಗೊಳ್ಳಲ್ಲ ಮಾವ."

ಸರದಿ ಬಂತು. ಅಪ್ಪ ಎಲ್ಲರಿಗೂ ಬಾಗುವಂತೆಯೇ ಅವಳಿಗೂ ಬಾಗಿದರು.

"ಈ ಮದುವೆ ನಿಂತುಹೋಗ್ಲಿ," ಎಂದಳು.

ಅಪ್ಪನ ಮುಖದ ಗೆರೆ ಅಲುಗಲಿಲ್ಲ. ಒಳಗೆ ಹೋದರು, ಬಾಗಿಲು ಹಾಕಿಕೊಂಡರು, ಹೊರಗೆ ಬಂದರು. "ಹೇಳಿದೀನಿ. ಹೋಗು."

ಅವಳು ಒಂದೇ ಉಸಿರಿಗೆ ಅಡುಗೆಮನೆಗೆ ಓಡಿದಳು. ಅಮ್ಮ ಗೋಡೆಗೆ ಒರಗಿ ತರಕಾರಿ ಹೆಚ್ಚುತ್ತಿದ್ದಳು.

"ಅಮ್ಮಾ, ಅಪ್ಪ ಒಳಗೆ ಏನಂದ್ರು?"

"ನನಗೇನು ಅದೇ ಕೆಲಸಾನಾ?"

"ದಿನಾ ಕೇಳಿಸ್ಕೊಳ್ತೀಯಲ್ಲ. ನಿಜ ಹೇಳು."

ಅಮ್ಮ ಚಾಕು ಕೆಳಗಿಟ್ಟಳು. "ಸುಮ್ನೆ ನಿಂತಿದ್ರು ಕಣೇ. ಉಸಿರಾಡೋದು ಬಿಟ್ರೆ ಏನೂ ಕೇಳಿಸ್ಲಿಲ್ಲ."

ಅಷ್ಟರಲ್ಲಿ ಆಚೆ ಬಾಗಿಲು ಕಿರುಗುಟ್ಟಿತು. ಅಪ್ಪನ ದನಿ, ಎಂದಿನಂತೆ ಸ್ಪಷ್ಟವಾಗಿ: "ದರ್ಜಿಗೆ ಮಂಡಿನೋವಂತೆ ದೇವರೇ. ಮೆಟ್ಟಿಲು ಹತ್ತೋಕೆ ಆಗ್ತಿಲ್ವಂತೆ..."

ಈಚೆಗೆ ಕೇಳಿಸುವ ಗೋಡೆ ಆಚೆಗೂ ಕೇಳಿಸೀತು ಎಂಬುದು ಅವಳಿಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಅಮ್ಮ ತೋಳು ಹಿಡಿಯುವ ಮೊದಲೇ, ಮಸಿ ಹಿಡಿದ ಗೋಡೆಗೆ ಬಾಯಿ ಹಚ್ಚಿದಳು.

"ದೇವರೇ, ನಾನು ಪೂಜಾರಿಯ ಮಗಳು. ನನಗೆ ಈ ಮದುವೆ ಬೇಡ."

ಆಚೆ ಮಾತು ನಿಂತಿತು. ಅವಳು ಕಿವಿಯನ್ನು ಗೋಡೆಗೆ ಒತ್ತಿ ಹಿಡಿದಳು. ಅಪ್ಪ ಒಮ್ಮೆ ಕೆಮ್ಮಿದರು.

"ಎಡಗಾಲಿನ ಮಂಡಿ, ದೇವರೇ," ಎಂದರು, ಈ ಸಲ ಕೊಂಚ ಜೋರಾಗಿ. "ಎಡಗಾಲು."